"ಆ ಕಡೆಯವಳು" ಅನ್ನುತ್ತಾರೆಂಬ ಭಯ

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಫೋನಿನಲ್ಲಿ ನಿನಗೆ ತಲುಪಿರುತ್ತದೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತಲ್ಲ: "ಆ ಕಡೆಯವರ ಭಾಷಣ ರದ್ದು ಮಾಡಿಸುವ ಮನವಿಗೆ ಸಹಿ ಹಾಕದಿದ್ದರೆ ನಮ್ಮವರೇ ನನ್ನನ್ನು ಆ ಕಡೆಯವಳು ಅಂದುಬಿಡ್ತಾರೆ." ಉಳಿದದ್ದನ್ನು ಒಮ್ಮೆ ಓದಿದೆ, ಇದನ್ನು ನಾಲ್ಕು ಸಲ.

ಅನ್ನುತ್ತಾರಮ್ಮ. ಇಲ್ಲ ಅಂತ ಸುಳ್ಳು ಸಮಾಧಾನ ಹೇಳಲಾರೆ. 1977ರಲ್ಲಿ ಅಮೆರಿಕದ ಸ್ಕೋಕಿ ಎಂಬ ಊರಿನಲ್ಲಿ ನಾಜಿಗಳ ಪುಟ್ಟ ಗುಂಪೊಂದು ಮೆರವಣಿಗೆ ಮಾಡುತ್ತೇವೆ ಅಂದಿತು. ಹಿಟ್ಲರನ ಹತ್ಯಾಕಾಂಡದಿಂದ ಬದುಕುಳಿದ ಬಹಳಷ್ಟು ಯಹೂದಿಗಳು ನೆಲೆಸಿದ್ದ ಊರು ಅದು. ಊರಾಡಳಿತ ತಡೆಯಾಜ್ಞೆ ತಂದಿತು. ಆ ತಡೆಯ ವಿರುದ್ಧ ವಾದಿಸಿದ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ಸಂಸ್ಥೆಯ ಮುಖ್ಯಸ್ಥ ಆರ್ಯೆ ನೈಯರ್ ಮಗುವಾಗಿದ್ದಾಗ ನಾಜಿ ಜರ್ಮನಿಯಿಂದ ಪಾರಾಗಿ ಬಂದವರು. ಅವರನ್ನೂ ಬೈದರು, ಸಾವಿರಾರು ಸದಸ್ಯರು ಸಂಸ್ಥೆ ತೊರೆದರು. ಮೊಕದ್ದಮೆ ಗೆದ್ದ ಮೇಲೆ ನಾಜಿಗಳು ಸ್ಕೋಕಿಗೆ ಹೋಗಲೇ ಇಲ್ಲ, ಅದು ಬೇರೆ ಮಾತು.

ಹಾಗಾದರೆ ಬೈಸಿಕೊಂಡು ಸಿಕ್ಕಿದ್ದೇನು ಅಂತ ಕೇಳುವೆ. ಅದಕ್ಕೆ ಸ್ಕೋಕಿಗಿಂತ ಹಳೆಯ ಒಂದು ಪ್ರಕರಣ ನೋಡು. 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹಿಂಸೆಯಂಥ ಕಾನೂನುಬಾಹಿರ ಕೃತ್ಯಕ್ಕೆ ತಕ್ಷಣ ಪ್ರಚೋದಿಸುವ, ಅದು ಆಗುವ ಸಂಭವವೂ ಇರುವ ಮಾತಿಗೆ ಮಾತ್ರ ಶಿಕ್ಷೆ ಅಂತ ಗೆರೆ ಎಳೆಯಿತು. ಅದರಿಂದ ಪಾರಾದವನು ಕು ಕ್ಲಕ್ಸ್ ಕ್ಲಾನಿನ ಮುಖಂಡ, ಕರಿಯರನ್ನು ದ್ವೇಷಿಸುವವನು. ಮಿಸಿಸಿಪ್ಪಿಯಲ್ಲಿ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದ್ದ ಕರಿಯ ಹೋರಾಟಗಾರರನ್ನು ಉಳಿಸಲು 1982ರಲ್ಲಿ ಅದೇ ಕೋರ್ಟು ಅದೇ ಗೆರೆಯನ್ನು ಬಳಸಿತು.

ನಮ್ಮಲ್ಲೂ ಹಾಗೇ. 1950ರಲ್ಲಿ ಮದ್ರಾಸ್ ಸರ್ಕಾರ ಎಡಪಂಥದ 'ಕ್ರಾಸ್ ರೋಡ್ಸ್' ವಾರಪತ್ರಿಕೆ ರಾಜ್ಯದೊಳಗೆ ಬರದಂತೆ ನಿಷೇಧಿಸಿತು. ದೆಹಲಿಯಲ್ಲಿ ಬಲಪಂಥದ 'ಆರ್ಗನೈಸರ್' ಪತ್ರಿಕೆಗೆ, ಮುದ್ರಿಸುವ ಮುನ್ನ ನಮಗೆ ತೋರಿಸಿ ಅಂದರು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಮೇ 26ರಂದು, ಒಂದೇ ದಿನ, ಸುಪ್ರೀಂ ಕೋರ್ಟು ಎರಡೂ ಆದೇಶಗಳನ್ನು ರದ್ದು ಮಾಡಿತು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂದು, 'ಸಾರ್ವಜನಿಕ ಸುವ್ಯವಸ್ಥೆ'ಯ ಹೆಸರಿನಲ್ಲೂ ಮಾತಿಗೆ ಮಿತಿ ಹಾಕಬಹುದು ಅಂತಾಯಿತು. ಕೋರ್ಟು ಕೊಟ್ಟದ್ದೂ ಉಳಿಯುತ್ತದೆ ಅಂತಿಲ್ಲ, ನೋಡು.

ಮತ್ತೆ ನಿನ್ನ ಆ ಸಾಲಿಗೇ ಬಂದೆ. 'ಆ ಕಡೆಯವಳು' ಅನ್ನಿಸಿಕೊಳ್ಳಬಾರದು ಅಂತಲೇ ನಾನೂ ಸುಮ್ಮನಿದ್ದದ್ದುಂಟು. ಅದರ ಕಥೆ ಬೇಡ. ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ, ಅಷ್ಟೇ.

ಆ ಮನವಿಗೆ ಸಹಿ ಹಾಕದೆ, ಭಾಷಣ ತಡೆಯಬೇಡಿ ಅಂತ ನೀನೇ ಒಂದು ಹೇಳಿಕೆ ಬರೆಯಬೇಕು ಅನ್ನಿಸಿದರೆ, ಬಲವಂತವಿಲ್ಲ, ನಾಲ್ಕೇ ಸಾಲು ಸಾಕು. ಯಾರು, ಯಾವ ಭಾಷಣವನ್ನು, ಯಾವ ಕಾರಣ ಕೊಟ್ಟು ತಡೆಯುತ್ತಿದ್ದಾರೆ ಅನ್ನುವುದು ಮೊದಲು. ಭಾಷಣಕಾರರ ವಿಚಾರವನ್ನು ನೀನು ಒಪ್ಪುವುದಿಲ್ಲ ಅನ್ನುವುದು ಆಮೇಲೆ, ಒಂದೇ ಸಾಲಿನಲ್ಲಿ. 'ಭಾಷಣ ನಡೆಯಲಿ' ಅನ್ನುವುದು ಕೊನೆಗೆ ಬರಲಿ. ಅದಾದ ಮೇಲೆ 'ಆದರೆ' ಅಂತ ಎಳೆದರೆ ಹಿಂದಿನದೆಲ್ಲ ಕೊಚ್ಚಿಹೋಗುತ್ತದೆ. ತೀರಾ ಎಡವುವುದು ಎಲ್ಲಿ ಗೊತ್ತೇ? ಮಾತಾಡುವ ಹಕ್ಕನ್ನು ಬಿಟ್ಟು ಆಡಿದ ಮಾತನ್ನು ಸಮರ್ಥಿಸಲು ಹೊರಡುವುದರಲ್ಲಿ. ಆಗ ನಿಜಕ್ಕೂ ಆ ಕಡೆಯವಳಂತೆಯೇ ಕಾಣುತ್ತೀಯ. ಬರೆದಾದ ಮೇಲೆ ಹೆಸರನ್ನು ಅದಲುಬದಲು ಮಾಡಿ ಓದು. ಅವರ ಹೆಸರಿದ್ದಲ್ಲಿ ನಿಮ್ಮ ಕಡೆಯ ಭಾಷಣಕಾರರ ಹೆಸರಿಡು. ಒಂದು ಪದ ಬದಲಿಸಬೇಕು ಅನ್ನಿಸಿದರೂ ಕರಡು ಸರಿಯಿಲ್ಲ.

ಹರಿದಾಡುತ್ತಿರುವ ತುಣುಕನ್ನು ನಂಬಬೇಡ, ಅವರ ಹಿಂದಿನ ಭಾಷಣವೊಂದನ್ನು ಪೂರ್ತಿ ಕೇಳು. ಯಾರನ್ನಾದರೂ ಹೊಡೆಯಿರಿ ಅಂತ ಎದುರಿಗಿದ್ದವರನ್ನು ಎಬ್ಬಿಸಿದ್ದರೆ, ಬೆದರಿಕೆ ಹಾಕಿದ್ದರೆ, ಅದು ಬೇರೆ. ಅಂಥ ಕಡೆ ಈ ಹೇಳಿಕೆಗೆ ನಿನ್ನ ಸಹಿ ಕೇಳಲಾರೆ. ಬರೀ ಮನಸ್ಸು ನೋಯಿಸಿದ ಮಾತಾದರೆ ತಡೆಯಲು ಅದು ಸಾಲದು. 'ಗಲಾಟೆಯಾಗುತ್ತದೆ' ಅನ್ನುವ ಕಾರಣವನ್ನಂತೂ ಒಪ್ಪಬೇಡ. ಒಪ್ಪಿದರೆ ಗಲಾಟೆ ಮಾಡುವವನ ಕೈಗೇ ಬೀಗ ಕೊಟ್ಟಂತೆ. 1989ರಲ್ಲಿ ತಮಿಳು ಸಿನಿಮಾವೊಂದರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ವಿರೋಧಿಸುವ ಜನರನ್ನು ನಿಭಾಯಿಸಲಾಗದು ಅಂತ ಸರ್ಕಾರ ಕೈಚೆಲ್ಲುವಂತಿಲ್ಲ ಅಂದಿದೆ.

ನಿನ್ನ ಗೆಳೆಯರಿಗೂ ದಾರಿ ಮುಚ್ಚಿಲ್ಲವಲ್ಲ. ಹೊರಗೆ ಫಲಕ ಹಿಡಿಯಲಿ, ಒಳಗೆ ಪ್ರಶ್ನೆ ಕೇಳಲಿ, ಮರುದಿನ ತಮ್ಮದೇ ಸಭೆ ಮಾಡಲಿ. ಅದನ್ನು ಯಾರಾದರೂ ತಡೆದರೆ ಅಲ್ಲೂ ಹೋಗಿ ನಿಲ್ಲುತ್ತೇನೆ ಅಂತ ಅವರಿಗೆ ಈಗಲೇ ಹೇಳಿಡು. ಭಯ ಅಷ್ಟರಿಂದಲೇ ಹೋಗುತ್ತದೆ ಅನ್ನಲಾರೆ.

ಹೇಳಿಕೆಗೆ ಒಬ್ಬಳೇ ಸಹಿ ಹಾಕಬೇಡ. ಈ ಕಡೆಯ ಇಬ್ಬರು, ಆ ಕಡೆಯ ಇಬ್ಬರು ಸಿಗುತ್ತಾರೇನೋ ನೋಡು. ಕರಡನ್ನು ಒಂದು ರಾತ್ರಿ ಇಟ್ಟುಕೊಂಡು, ಭಾಷಣಕ್ಕೆ ಎರಡು ದಿನವಾದರೂ ಮೊದಲು ಕಳಿಸು. ನನಗೂ ಒಂದು ಪ್ರತಿ ಕಳಿಸಿದರೆ ಕಾಗುಣಿತವನ್ನಾದರೂ ತಿದ್ದಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ