ಮೈಕ್ರೊಆರ್‌ಎನ್‌ಎ ಮಾದರಿ ತೆಗೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹೆಪಟೈಟಿಸ್ ಬಿ ಇರುವವರ ರಕ್ತದಲ್ಲಿ ಮೈಕ್ರೊಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು) ಅಳೆದು ಯಕೃತ್ತಿನ ಕ್ಯಾನ್ಸರ್‌ನ ಸುಳಿವು ಹುಡುಕುವಾಗ ಫಲಿತಾಂಶ ಕೆಡುವುದು ಹೆಚ್ಚಾಗಿ ಅದನ್ನು ನಕಲು ಮಾಡಿ ಅಳೆಯುವ ಪಿಸಿಆರ್ ಯಂತ್ರದಲ್ಲಲ್ಲ, ರಕ್ತ ತೆಗೆಯುವ ಹೊತ್ತಿನಲ್ಲೇ.

ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬ್ ಮಾತ್ರ ಬಳಸಿ. ಹಸಿರು ಮುಚ್ಚಳದ್ದು ಬೇಡವೇ ಬೇಡ, ಅದರಲ್ಲಿರುವ ಹೆಪಾರಿನ್ ಪಿಸಿಆರ್ ಅನ್ನು ತಡೆಯುತ್ತದೆ. ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. 2 ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ 2,000 ಜಿ (ಗುರುತ್ವದ 2,000 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ. ಪ್ಲಾಸ್ಮಾ ಎಳೆಯುವಾಗ ಬಿಳಿ ರಕ್ತಕಣಗಳ ಪದರದ ಮೇಲೆ ಅರ್ಧ ಸೆಂ.ಮೀ. ಬಿಟ್ಟುಬಿಡಿ, ಆಸೆಪಡಬೇಡಿ. ಮತ್ತೆ 10,000 ಜಿ ಯಲ್ಲಿ 10 ನಿಮಿಷ. ಈ ಎರಡನೇ ಸುತ್ತು ಬಿಟ್ಟರೆ ಉಳಿದ ಪ್ಲೇಟ್‌ಲೆಟ್‌ಗಳಿಂದ ಮೈಆರ್-223 ಎಂಬ ಮೈಕ್ರೊಆರ್‌ಎನ್‌ಎ ಸುಮ್ಮನೆ ಏರಿ ಕಾಣುತ್ತದೆ. 200 ಮೈಕ್ರೊಲೀಟರ್‌ನಂತೆ ಹಂಚಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ಗೆ ಸೇರಿಸಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಪ್ಲಾಸ್ಮಾ ತಿಳಿಹಳದಿಯಾಗಿರಬೇಕು. ಗುಲಾಬಿ ಛಾಯೆ ಕಂಡರೆ ಕೆಂಪುಕಣ ಒಡೆದಿವೆ ಎಂದರ್ಥ. ಕಣ್ಣಿಗೆ ಕಾಣದ್ದೂ ಇರುತ್ತದೆ, ಹಾಗಾಗಿ 414 ನ್ಯಾನೊಮೀಟರ್‌ನಲ್ಲಿ ಪ್ಲಾಸ್ಮಾ ಎಷ್ಟು ಬೆಳಕು ಹೀರುತ್ತದೆ ಎಂದು ಓದಿ. ಮೈಆರ್-23ಎ ಸಿಕ್ಯೂ ಮೌಲ್ಯದಿಂದ (ಪಿಸಿಆರ್‌ನಲ್ಲಿ ಸಂಕೇತ ಕಾಣಿಸುವ ಸುತ್ತಿನ ಸಂಖ್ಯೆ) ಕೆಂಪುಕಣಗಳಲ್ಲಿ ತುಂಬಿರುವ ಮೈಆರ್-451ರದ್ದನ್ನು ಕಳೆದಾಗ 7 ದಾಟಿದರೆ ಆ ಮಾದರಿ ಕೈಬಿಡಿ.

ಹೋಲಿಕೆಗೆಂದು ಹೊರಗಿನಿಂದ ಸೇರಿಸುವ ಮೈಆರ್-39 ಅನ್ನು ಲೈಸಿಸ್ ದ್ರಾವಣ (ಪ್ರೋಟೀನ್‌ಗಳನ್ನು ಕೆಡಿಸಿ ಆರ್‌ಎನ್‌ಎ ಬಿಡಿಸುವ ದ್ರಾವಣ) ಬೆರೆಸಿದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಪ್ಲಾಸ್ಮಾದ ಕಿಣ್ವಗಳು ಅದನ್ನು ಕತ್ತರಿಸಿಬಿಡುತ್ತವೆ.

ಯಕೃತ್ತಿನ ಕೋಶಗಳಲ್ಲಿ ತುಂಬಿರುವ ಮೈಆರ್-122 ರಕ್ತದಲ್ಲಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಹೆಪಟೈಟಿಸ್ ಉಲ್ಬಣಿಸಿ ಯಕೃತ್ತಿನ ಕೋಶ ಸತ್ತರೂ ಅದು ಏರುತ್ತದೆ, ಆದ್ದರಿಂದ ಅದೇ ದಿನದ ಎಎಲ್‌ಟಿ (ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ನಮೂದಿಸಲೇಬೇಕು. ರೋಗಿಗಳು ಕೇಳಿದರೆ ಸ್ಪಷ್ಟವಾಗಿ ಹೇಳಿ: ಇದಿನ್ನೂ ಸಂಶೋಧನೆಯ ಪರೀಕ್ಷೆ, 6 ತಿಂಗಳಿಗೊಮ್ಮೆಯ ಅಲ್ಟ್ರಾಸೌಂಡ್ ತಪ್ಪಿಸಬಾರದು.