ರಾತ್ರಿ ಮಲಗುವ ಮುಂಚೆ ನಾಲ್ಕು ಸಾಲು

ಪ್ರೀತಿಯ ಪುಟ್ಟಿ,

ಡೆನ್ವರ್‌ನಲ್ಲಿ ಆರ್‌ವಿ, ಅದೇ ಆ ಮನೆಗಾಡಿ, ಬುಕ್ ಆಯಿತು ಅಂತ ನೀನು ಹೇಳಿದ ದಿನದಿಂದ ನಿಮ್ಮಪ್ಪ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿಕೊಂಡು ಕೂತಿದ್ದಾರೆ. ಟೈರಿಗೆ ಎಷ್ಟು ಗಾಳಿ, ಘಾಟಿ ಇಳಿಯುವಾಗ ಯಾವ ಗೇರ್, ಪೆಟ್ರೋಲ್ ಎಲ್ಲಿ ತುಂಬಿಸಿಕೊಳ್ಳಬೇಕು, ಇವನ್ನೆಲ್ಲ ಅಳಿಯಂದಿರಿಗೆ ಅವರೇ ಹೇಳುತ್ತಾರೆ. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನೀನು ಕಳಿಸಿದ ಸಾಮಾನಿನ ಪಟ್ಟಿ ಓದಿದೆ. ಕುಕ್ಕರ್ ಇದೆ, ಚಿನ್ನುವಿನ ಜರ್ಕಿನ್ ಇದೆ, ಫೋನಿನ ಮೂರು ಥರದ ಚಾರ್ಜರ್ ಇದೆ. ದಿನದಿನದ್ದು ಬರೆದಿಡುವುದಕ್ಕೆ ನೋಟ್‌ಬುಕ್ ಇಲ್ಲ. ಇನ್ನೂರು ಪುಟದ್ದು, ಹೊಲಿಗೆ ಹಾಕಿದ್ದು ಒಂದು, ಎರಡು ಪೆನ್ಸಿಲ್, ಇಷ್ಟನ್ನು ಪಟ್ಟಿಯ ಮೇಲ್ಗಡೆ ಸೇರಿಸಿಕೋ.

ಫೋಟೋ ತೆಗೀತೀವಲ್ಲಮ್ಮ ಅನ್ನುತ್ತೀಯ. ತೆಗೆಯಿರಿ. ಟೀಟನ್ ಬೆಟ್ಟಗಳ ಸಾಲನ್ನು ತೆಗೆದವರು ಲಕ್ಷಾಂತರ ಜನ ಇದ್ದಾರೆ, ಆ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಆದರೆ ಬೆಟ್ಟದ ಬುಡದಲ್ಲಿ ನಿಲ್ಲಿಸಿದ ಗಾಡಿಯೊಳಗೆ ನೀವು ಮೂರು ಜನ ಆ ರಾತ್ರಿ ಏನು ಉಂಡಿರಿ, ಚಿನ್ನು ಯಾಕೆ ಅತ್ತ, ಪಕ್ಕದ ಗಾಡಿಯ ಅಜ್ಜ ನೀರಿನ ಪೈಪ್ ಕೊಟ್ಟು ಏನಂದರು, ಇದನ್ನು ನೀವಲ್ಲದೆ ಯಾರು ಬರೆದಿಡುತ್ತಾರೆ? ಹೋಟೆಲಿನಲ್ಲಿ ಉಳಿಯುತ್ತಾ ಹೋದರೆ ದಿನಕ್ಕೊಂದು ರೂಮು, ಅದರ ಗುರುತಿನ ಮೇಲೆ ಊರಾದರೂ ನೆನಪಿಗೆ ಬರುತ್ತದೆ. ಆರ್‌ವಿಯಲ್ಲಿ ಹಾಗಲ್ಲ. ಎಲ್ಲಿ ನಿಂತರೂ ಅದೇ ಹಾಸಿಗೆ, ಅದೇ ಒಲೆ, ಅದೇ ಸಿಂಕು. ಕಿಟಕಿಯ ಹೊರಗಿನದು ಮಾತ್ರ ಬೇರೆ. ವಾರ ಕಳೆಯುವುದರೊಳಗೆ ರಾತ್ರಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ನಾವು ಆ ಕಡೆ ಹೋದಾಗ ಮಳೆ ಬಂದದ್ದು ಲ್ಯಾಂಡರ್ ಊರಲ್ಲೋ ಡುಬಾಯ್ಸ್ ಊರಲ್ಲೋ ಅಂತ ನಾನೂ ನಿಮ್ಮಪ್ಪನೂ ವಾದ ಮಾಡಿ, ಕೊನೆಗೆ ಆಗ ಬರೆದಿಟ್ಟ ಪುಸ್ತಕ ತೆಗೆದು ನೋಡುವುದು ನಮ್ಮಲ್ಲಿ ಮಾಮೂಲು.

ನೀವು ವಯೋಮಿಂಗ್ ರಾಜ್ಯದ ಶಯನ್ ದಾಟಿ ಉತ್ತರಕ್ಕೆ ಹೋಗುವಾಗ ಗರ್ನ್‌ಸಿ ಅಂತ ಸಣ್ಣ ಊರು ಸಿಗುತ್ತದೆ. ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ತಿರುಗಬೇಕು, ಬೇಜಾರು ಮಾಡಿಕೊಳ್ಳದೆ ತಿರುಗಿ. ನಾರ್ತ್ ಪ್ಲ್ಯಾಟ್ ನದಿಯ ದಡದಲ್ಲಿ ಮೆತ್ತನೆಯ ಮರಳುಗಲ್ಲಿನ ಗುಡ್ಡವಿದೆ. 1840ರ ದಶಕದಿಂದ 1860ರ ದಶಕದವರೆಗೆ ಪಶ್ಚಿಮದ ಒರೆಗಾನ್ ಕಡೆಗೂ ಕ್ಯಾಲಿಫೋರ್ನಿಯಾ ಕಡೆಗೂ ಹೊರಟವರ ಬಂಡಿಗಳು ಅದರ ಮೇಲೇ ಹಾದುಹೋದವು. ಚಕ್ರ ಉಜ್ಜಿ ಉಜ್ಜಿ ಕಲ್ಲು ಸವೆದು, ಕೆಲವು ಕಡೆ ಐದು ಅಡಿ ಆಳದ ಓಣಿಯಾಗಿದೆ. ಒಳಗೆ ಇಳಿದು ನಿಂತರೆ ಚಿನ್ನುವಿನ ತಲೆಯೂ ಹೊರಗೆ ಕಾಣುವುದಿಲ್ಲ. ಮನೆಯನ್ನು ಗಾಡಿಯ ಮೇಲೇರಿಸಿಕೊಂಡು ಈ ದಾರಿಯಲ್ಲಿ ಹೊರಟವರಲ್ಲಿ ನೀವು ಮೊದಲಿನವರಲ್ಲ ಅಂತ ಅವನಿಗೆ ಅಲ್ಲೇ ನಿಂತು ಹೇಳು.

ಆ ಬಂಡಿಯ ಜನ ಬರೆಯುತ್ತಿದ್ದರು. ನನಗೆ ಅವರ ಮೇಲೆ ಇಷ್ಟು ಅಕ್ಕರೆ ಹುಟ್ಟಿದ್ದೇ ಅದಕ್ಕೆ. ಮಿಸೂರಿ ನದಿಯಿಂದ ಒರೆಗಾನಿಗೆ ಸುಮಾರು 2,000 ಮೈಲಿ, ನಾಲ್ಕರಿಂದ ಆರು ತಿಂಗಳ ದಾರಿ, ದಿನಕ್ಕೆ ಹದಿನೈದು ಮೈಲಿ ನಡೆದರೆ ಹೆಚ್ಚು. ದಿನವೆಲ್ಲ ಎತ್ತುಗಳ ಪಕ್ಕದಲ್ಲಿ ಧೂಳು ಕುಡಿಯುತ್ತಾ ನಡೆದು, ಸಂಜೆ ಅಡುಗೆ ಮಾಡಿ, ಮಕ್ಕಳನ್ನು ಮಲಗಿಸಿ, ಆಮೇಲೆ ಪುಸ್ತಕ ಬಿಚ್ಚಿದ ಹೆಂಗಸರು ಎಷ್ಟೋ ಜನ. ಏನು ಬರೆದರು ಗೊತ್ತಾ? ಇವತ್ತು ಎಷ್ಟು ಮೈಲಿ ಬಂದೆವು, ಹುಲ್ಲು ಚೆನ್ನಾಗಿತ್ತೋ ಇಲ್ಲವೋ, ನೀರು ಸಿಹಿಯೋ ಸವುಳೋ, ಉರಿಸುವುದಕ್ಕೆ ಏನು ಸಿಕ್ಕಿತು. ಮರವಿಲ್ಲದ ಬಯಲಿನಲ್ಲಿ ಬೈಸನ್ ಅನ್ನುವ ಕಾಡುದನದ ಒಣಗಿದ ಸಗಣಿಯನ್ನು ಆಯ್ದು ಒಲೆ ಹಚ್ಚುತ್ತಿದ್ದರು. ಬೆರಣಿ ತಟ್ಟುವ ನಾಡಿನವಳಾದ ನನಗೆ ಅದನ್ನು ಓದಿದಾಗ ಅವರು ನಮ್ಮ ಪಕ್ಕದ ಮನೆಯವರೇ ಅನ್ನಿಸಿತು. ಬೆಳಗ್ಗೆ ಕೆನೆ ತುಂಬಿದ ಪಾತ್ರೆಯನ್ನು ಬಂಡಿಗೆ ಕಟ್ಟಿದರೆ, ಕುಲುಕಿ ಕುಲುಕಿ ಸಂಜೆಗೆ ಬೆಣ್ಣೆಯಾಗಿರುತ್ತಿತ್ತಂತೆ. 1849ರಿಂದ ನಾಲ್ಕಾರು ವರ್ಷ ಕಾಲರಾ ಬಂದಾಗ, ದಾರಿಯ ಪಕ್ಕದಲ್ಲಿ ಎಷ್ಟು ಹೊಸ ಗೋರಿ ನೋಡಿದೆವು ಅನ್ನುವ ಲೆಕ್ಕವೂ ಅದೇ ಪುಸ್ತಕಗಳಲ್ಲಿ ಇದೆ, ಹುಲ್ಲು ನೀರಿನ ಲೆಕ್ಕದ ಪಕ್ಕದಲ್ಲೇ. ಅವರೇನೂ ಬರೆಯುವ ಹವ್ಯಾಸ ಇದ್ದವರಲ್ಲ. ಅವತ್ತು ಕಂಡದ್ದನ್ನು ಅವತ್ತೇ ಬರೆದರು, ಅಷ್ಟೇ. ಇವತ್ತು ಆ ದಾರಿಯ ಬಗ್ಗೆ ತಿಳಿಯಬೇಕೆನ್ನುವವರಿಗೆ ಆ ಪುಸ್ತಕಗಳೇ ಆಧಾರ.

ಅದಕ್ಕೂ ಮುಂಚೆ, 1804ರಲ್ಲಿ, ಲೂಯಿಸ್ ಮತ್ತು ಕ್ಲಾರ್ಕ್ ಅನ್ನುವ ಇಬ್ಬರು ಕ್ಯಾಪ್ಟನ್ನರು ಪಡೆ ಕಟ್ಟಿಕೊಂಡು ಮಿಸೂರಿ ನದಿಯ ಮೇಲೆ ಪಶ್ಚಿಮಕ್ಕೆ ಹೊರಟಿದ್ದನ್ನು ನೀನು ಕೇಳಿರುತ್ತೀಯ. ಲೂಯಿಸ್ ಬಹಳ ಚೆನ್ನಾಗಿ ಬರೆಯುತ್ತಿದ್ದ, ಆದರೆ ಅವನ ಬರಹದಲ್ಲಿ ತಿಂಗಳುಗಟ್ಟಲೆ ಖಾಲಿ. ಒಂದು ದಿನವೂ ತಪ್ಪಿಸದೆ ಬರೆದವನು ಆರ್ಡ್‌ವೇ ಅನ್ನುವ ಸಾರ್ಜೆಂಟ್, 863 ದಿನ. ಇನ್ನು ಕ್ಲಾರ್ಕ್, 1805ರ ನವೆಂಬರ್ 7ರಂದು ಸಾಗರ ಕಂಡಿತು ಅಂತ ಕುಣಿದಾಡಿ ಬರೆದ. ಅವತ್ತು ಅವನಿಗೆ ಕಂಡದ್ದು ಸಾಗರವಲ್ಲ, ಕೊಲಂಬಿಯಾ ನದಿ ಸಮುದ್ರ ಸೇರುವ ಮುಂಚೆ ಅಗಲವಾಗುವ ಅಳಿವೆ. ನಿಜವಾದ ಸಮುದ್ರ ಇನ್ನೂ ಇಪ್ಪತ್ತು ಮೈಲಿ ದೂರ ಇತ್ತು. ಆ ಸಾಲು ಹಾಗೇ ಉಳಿದಿದೆ. ಅವತ್ತಿನ ಖುಷಿ ನಮಗೆ ಸಿಕ್ಕಿರುವುದು ಅದರಿಂದಲೇ. ನೀನೂ ಮಾರನೆಯ ದಿನ ಕೂತು ಹಿಂದಿನ ಸಾಲನ್ನು ತಿದ್ದಬೇಡ, ಹೊಸದು ಗೊತ್ತಾದರೆ ಹೊಸ ಸಾಲು ಬರಿ.

ಈ ಗೀಳು ನನಗೆ ಎಲ್ಲಿಂದ ಬಂತು ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ನಿನ್ನ ಅಜ್ಜನಿಂದ. ಮೂಡಿಗೆರೆ ಕಡೆಯ ಕಾಫಿ ತೋಟದವರ ಮನೆಗಳಲ್ಲಿ ಮಳೆ ಪುಸ್ತಕ ಇಲ್ಲದ ಮನೆ ಅಪರೂಪ. ಅಜ್ಜ ದಿನಾ ಬೆಳಗ್ಗೆ ಅಂಗಳದ ಮಳೆ ಮಾಪಕದ ನೀರು ಅಳೆದು, ಇಷ್ಟು ಇಂಚು, ಇಂಚಿನ ನೂರರಲ್ಲಿ ಇಷ್ಟು ಸೆಂಟ್ ಅಂತ ಬರೆಯದೆ ಕಾಫಿ ಕುಡಿದವರಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು ಅನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತಿತ್ತಲ್ಲ. ಆದರೆ ನಾನು ಆ ಪುಸ್ತಕಗಳನ್ನು ತಿರುಗಿಸುವುದು ಇಂಚು ಸೆಂಟಿಗಾಗಿ ಅಲ್ಲ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದೊಂದು ಸಾಲು ಇರುತ್ತದೆ. ಗೌರಿ ಹಸು ಕರು ಹಾಕಿತು. ಹೊಳೆ ಬದಿಯ ಬೇಲಿ ಆನೆ ಮುರಿದಿದೆ. ನೀನು ಹುಟ್ಟಿದ ದಿನ ಜೋರು ಮಳೆ, ಅಂಚಿನಲ್ಲಿ, “ಮೊಮ್ಮಗಳು. ಇಬ್ಬರೂ ಆರೋಗ್ಯ.” ಮಾತು ಕಡಿಮೆ ಆಡುತ್ತಿದ್ದ ಮನುಷ್ಯ. ಅವರ ಬಾಯಲ್ಲಿ ನಾನು ಕೇಳದೆ ಇದ್ದದ್ದು ಎಷ್ಟೋ ಆ ಅಂಚಿನಲ್ಲಿ ಸಿಕ್ಕಿತು.

ಆದ್ದರಿಂದ ಏನು ಬರೆಯಲಿ ಅಂತ ಯೋಚಿಸುತ್ತಾ ಕೂರಬೇಡ, ಲೆಕ್ಕದಿಂದ ಶುರು ಮಾಡು. ಎಲ್ಲಿಂದ ಎಲ್ಲಿಗೆ, ಮೀಟರಿನಲ್ಲಿ ಎಷ್ಟು ಮೈಲಿ, ಎಷ್ಟು ಗ್ಯಾಲನ್ ಹಾಕಿಸಿದಿರಿ, ರಾತ್ರಿ ಎಷ್ಟು ಚಳಿ. ಇವು ಗಾಡಿಗೂ ಬೇಕಾದವು. ನಿಮ್ಮದರಲ್ಲಿ ಮೂರು ಟ್ಯಾಂಕ್ ಇರುತ್ತದೆ: ಒಳ್ಳೆ ನೀರಿನದು, ಬಚ್ಚಲ ನೀರಿನದು, ಕಕ್ಕಸಿನದು. ಎಷ್ಟು ತುಂಬಿದೆ ಅಂತ ತೋರಿಸುವ ದೀಪಗಳು ಗೋಡೆಯ ಮೇಲೆ ಇರುತ್ತವೆ, ಆದರೆ ಕಕ್ಕಸಿನ ಟ್ಯಾಂಕಿನ ದೀಪವನ್ನು ಅನುಭವಸ್ಥರು ಯಾರೂ ನಂಬುವುದಿಲ್ಲ. ಒಳಗಿನ ಸೆನ್ಸರ್‌ಗೆ ಪೇಪರ್ ಅಂಟಿಕೊಂಡರೆ ಖಾಲಿ ಇದ್ದರೂ ತುಂಬಿದೆ ಅನ್ನುತ್ತದೆ. ಹಿಂದಿನ ಸಲ ಡಂಪ್ ಸ್ಟೇಷನ್‌ನಲ್ಲಿ ಯಾವತ್ತು ಖಾಲಿ ಮಾಡಿದಿರಿ ಅಂತ ಪುಸ್ತಕದಲ್ಲಿ ಇದ್ದರೆ ದೀಪದ ಹಂಗೇ ಬೇಡ. ಹಾಗೆಯೇ ಬ್ಯಾಟರಿ. ಕರೆಂಟ್ ಇಲ್ಲದ ಕಡೆ ನಿಂತಾಗ ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸಿನಿಂದಲೇ, ಆದರೆ ಬಿಸಿಗಾಳಿ ಊದುವ ಫ್ಯಾನು ತಿರುಗುವುದು ಬ್ಯಾಟರಿಯಿಂದ. ಸಾಮಾನ್ಯ ಲೆಡ್ ಬ್ಯಾಟರಿ ಪೂರ್ತಿ ತುಂಬಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.1ಕ್ಕೆ ಬಂತೆಂದರೆ ಅರ್ಧ ಮುಗಿಯಿತು ಅಂತ. ಮಲಗುವಾಗ ಎಷ್ಟಿತ್ತು, ಎದ್ದಾಗ ಎಷ್ಟಿದೆ ಅಂತ ಬರೆದರೆ, ನಾಲ್ಕನೆಯ ಚಳಿ ರಾತ್ರಿಗೆ ಬ್ಯಾಟರಿ ಎಲ್ಲಿಯವರೆಗೆ ಬರುತ್ತದೆ ಅಂತ ನೀವೇ ಹೇಳುತ್ತೀರಿ.

ನನ್ನ ಪುಸ್ತಕದಲ್ಲಿ ಇನ್ನೊಂದು ಲೆಕ್ಕ ಇದೆ, ಅದು ನಿನ್ನ ಅಡುಗೆಗೆ. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಯೆಲ್ಲೊಸ್ಟೋನ್ ಪಾರ್ಕಿನ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಇರುವ ಕಡೆ 7,300 ಅಡಿಗಿಂತ ಎತ್ತರ, ಅಲ್ಲಿ 93 ಡಿಗ್ರಿಗೆ ಕುದಿ ಬಂದುಬಿಡುತ್ತದೆ. ನ್ಯೂಜೆರ್ಸಿಯಲ್ಲಿ ನೀನು ಪಾತ್ರೆಯಲ್ಲಿಟ್ಟು ಬಸಿಯುವ ಅನ್ನ ಅಲ್ಲಿ ಬೇಯುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು, ಬೇಗ ಇಳಿಸಿದರೆ ನಡುವೆ ಗಟ್ಟಿ. ಕುಕ್ಕರ್ ಬೇಕೇ ಬೇಕು, ತೊಗರಿಬೇಳೆಗೆ ಎರಡು ಕೂಗು ಹೆಚ್ಚೇ ಹಾಕಿಸು. ನಾನು ಊರಿನ ಹೆಸರು, ಎತ್ತರ, ಅದರ ಪಕ್ಕ ಬೇಳೆಗೆ ಎಷ್ಟು ಕೂಗು ಅಂತ ಬರೆದುಕೊಂಡಿದ್ದೇನೆ. ಟೊಗ್ವೊಟಿ ಪಾಸ್ ಅನ್ನುವ ಘಾಟಿ 9,600 ಅಡಿ ದಾಟುತ್ತದೆ. ಅಲ್ಲಿ ನಿಂತು ಅಡುಗೆಗೆ ಕೈಹಾಕಬೇಡ, ಬೆಳಗ್ಗೆಯೇ ಚಿತ್ರಾನ್ನ ಕಲಸಿ ಇಟ್ಟುಕೋ.

ಇಷ್ಟು ಲೆಕ್ಕ ಬರೆಯುವಷ್ಟರಲ್ಲಿ ಕೈ ಬಿಸಿಯಾಗಿರುತ್ತದೆ, ಅಂಚಿನ ಸಾಲು ತಾನೇ ಬರುತ್ತದೆ. ಅದಕ್ಕೆ ಒಂದೇ ಮಾತು ಹೇಳುತ್ತೇನೆ: ಕಣ್ಣಿಗೆ ಕಂಡದ್ದಕ್ಕಿಂತ ಕಿವಿಗೆ ಬಿದ್ದದ್ದನ್ನು ಹೆಚ್ಚು ಬರಿ. ಚಿನ್ನು ಬೈಸನ್ ಹಿಂಡು ನೋಡಿ ಏನಂದ, ಅವನದೇ ಮಾತಿನಲ್ಲಿ. ಆರು ವರ್ಷದ ಮಗುವಿನ ಮಾತು ಏಳನೆಯ ವರ್ಷಕ್ಕೆ ಇರುವುದಿಲ್ಲ ಪುಟ್ಟಿ, ನಿನ್ನದು ಎಷ್ಟೊಂದು ನನಗೆ ನೆನಪಿಲ್ಲ, ಅದು ನನಗಿರುವ ದುಃಖ. ದಿನಕ್ಕೆ ಅರ್ಧ ಪುಟ ಅವನಿಗೇ ಬಿಡು, ಏನು ಬೇಕಾದರೂ ಗೀಚಲಿ.

ಜಗಳವನ್ನೂ ಬರಿ. ಇಪ್ಪತ್ತನಾಲ್ಕು ಅಡಿಯ ಗಾಡಿಯಲ್ಲಿ ಮುನಿಸಿಕೊಂಡು ಹೋಗಿ ಕೂರುವುದಕ್ಕೆ ಬೇರೆ ಕೋಣೆ ಇಲ್ಲ. ರಿವರ್ಸ್ ತೆಗೆಯುವಾಗ ಒಬ್ಬರು ಹಿಂದೆ ನಿಂತು ಕೈ ತೋರಿಸುವುದು, ಸ್ಟೀರಿಂಗ್ ಹಿಡಿದವರಿಗೆ ಅದು ಅರ್ಥವಾಗದೆ ಇರುವುದು, ಇದರಿಂದಲೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಎಷ್ಟು ಗಂಡ ಹೆಂಡಿರು ಸಂಜೆ ಹೊತ್ತು ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ಯಾರದು ತಪ್ಪು ಅಂತ ತೀರ್ಪು ಬರೆಯಬೇಡ. ಏನಾಯಿತು, ಯಾರು ಮೊದಲು ಕಾಫಿ ಮಾಡಿಕೊಟ್ಟರು, ಅಷ್ಟು ಸಾಕು. ಅಳಿಯಂದಿರೂ ಅದೇ ಪುಸ್ತಕದಲ್ಲಿ ಬರೆಯಲಿ. ಒಂದೇ ದಿನವನ್ನು ಇಬ್ಬರ ಅಕ್ಷರದಲ್ಲಿ ಓದುವುದು ಬೇರೆಯೇ ಸುಖ.

ಲ್ಯಾಂಡರ್ ದಾಟಿದ ಮೇಲೆ ರಸ್ತೆ ವಿಂಡ್ ರಿವರ್ ರಿಸರ್ವೇಶನ್ ಒಳಗೆ ಹೋಗುತ್ತದೆ. ಪೂರ್ವ ಶೋಶೋನಿ ಮತ್ತು ಉತ್ತರ ಅರಾಪಹೋ ಅನ್ನುವ ಮೂಲನಿವಾಸಿ ಜನರ ನಾಡು ಅದು. ಬಂಡಿಯವರ ಪುಸ್ತಕಗಳನ್ನು ನಾನು ಎಷ್ಟು ಮೆಚ್ಚಿದರೂ, ಅವು ಬಂಡಿಯ ಮೇಲಿಂದ ಕಂಡಷ್ಟನ್ನೇ ಹೇಳುತ್ತವೆ. ಆ ಬಂಡಿಗಳು ತಮ್ಮ ಹುಲ್ಲುಗಾವಲನ್ನೂ ನೀರನ್ನೂ ಬೈಸನ್ನನ್ನೂ ಮುಗಿಸುತ್ತಾ ಹೋದದ್ದನ್ನು ನಿಂತು ನೋಡಿದವರ ಮಾತು ಅವುಗಳಲ್ಲಿ ಕಡಿಮೆ. ನೀನು ಅಲ್ಲಿಯ ಫೋರ್ಟ್ ವಶಾಕಿ ಊರಿನಲ್ಲಿ ಗಾಡಿ ನಿಲ್ಲಿಸು, ಅಂಗಡಿಯಲ್ಲಿ ಏನಾದರೂ ಕೊಳ್ಳು, ಜನ ಮಾತಾಡಿದರೆ ಕೇಳಿಸಿಕೋ, ಯಾರ ನೆಲದಲ್ಲಿ ಅವತ್ತು ಊಟ ಮಾಡಿದಿರಿ ಅಂತ ಹೆಸರು ಹಿಡಿದು ಬರಿ.

ಪೆನ್ಸಿಲ್ ಯಾಕೆ ಅಂದರೆ, ನೀರು ಬಿದ್ದರೂ ಹರಡುವುದಿಲ್ಲ, ಚಳಿಗೆ ಇಂಕಿನ ಹಾಗೆ ಗಟ್ಟಿಯಾಗುವುದಿಲ್ಲ. ಫೋನಿನಲ್ಲೇ ಬರೆದುಕೊಳ್ಳುತ್ತೇನೆ ಅನ್ನಬೇಡ. ಯೆಲ್ಲೊಸ್ಟೋನ್ ಒಳಗೆ ಬಹಳ ಕಡೆ ಸಿಗ್ನಲ್ ಇಲ್ಲ, ಸಿಗ್ನಲ್ ಇದ್ದ ಕಡೆ ಫೋನು ಕೈಗೆ ಬಂದರೆ ನೀನು ಬರೆಯುವುದಿಲ್ಲ, ನಿನ್ನನ್ನು ನಾನು ಬಲ್ಲೆ. ಪುಸ್ತಕ ಊಟದ ಮೇಜಿನ ಮೇಲ್ಗಡೆಯ ಕಪಾಟಿನಲ್ಲಿ ಇರಲಿ. ಪಾತ್ರೆ ತೊಳೆದ ಮೇಲೆ, ದೀಪ ಆರಿಸುವ ಮುಂಚೆ ಹತ್ತು ನಿಮಿಷ. ತುಂಬಾ ಸುಸ್ತಾದ ದಿನ ಊರಿನ ಹೆಸರು, ಒಂದು ಸಾಲು ಬರೆದು ಮಲಗು, ಆದರೆ ಬರೆಯದೆ ಮಲಗಬೇಡ.

ಇನ್ನೊಂದು ಕೆಲಸ. ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ನೀನು ಕಳಿಸುವ ಫೋಟೋಗಳು ಅವರಿಗೆ ಬರೀ ಬಣ್ಣ. ಸಿಗ್ನಲ್ ಸಿಕ್ಕ ಊರಿನಲ್ಲಿ ಫೋನ್ ಮಾಡಿ ಪುಸ್ತಕದಿಂದ ಎರಡು ಪುಟ ಓದಿ ಹೇಳು. ವಯೋಮಿಂಗ್‌ನಲ್ಲಿ ಬೇಸಿಗೆಯ ಬೆಳಗ್ಗೆ ಎಂಟು ಗಂಟೆಗೆ ನಮ್ಮೂರಿನಲ್ಲಿ ಸಂಜೆ ಏಳೂವರೆ, ದೇವರ ದೀಪ ಹಚ್ಚಿ ಕೂತಿರುತ್ತಾರೆ. ಹುಲ್ಲು ಹೇಗಿತ್ತು, ನೀರು ಎಲ್ಲಿಂದ ಹಿಡಿದಿರಿ ಅಂತ ಖಂಡಿತ ಕೇಳುತ್ತಾರೆ.

ಯಾವ ದಿನ ಹೊರಡುತ್ತೀರಿ ಅಂತ ಗುರುವಾರದ ಒಳಗೆ ತಿಳಿಸು. ಚಟ್ನಿಪುಡಿ ಮಾಡಿ ಇಟ್ಟಿದ್ದೇನೆ, ನೋಟ್‌ಬುಕ್ಕೂ ನಾನೇ ತಂದು ಅದರ ಜೊತೆ ಕೊಡುತ್ತೇನೆ, ಅದನ್ನು ಪಟ್ಟಿಯಿಂದ ಹೊಡೆದುಹಾಕು. ಪೆನ್ಸಿಲ್ ಮಾತ್ರ ಚಿನ್ನು ಆರಿಸಿ ತರಲಿ.

ನಿನ್ನ ಅಮ್ಮ