ಆರ್ಬ್ರೋತ್‌ಗೆ ಇಡೀ ದಿನ ಕೊಡು

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸ್ಕಾಟ್ಲೆಂಡಿನ ಡಂಡಿಯಲ್ಲಿ ನಿನ್ನ ಓದು ಸುಸೂತ್ರವಾಗಿ ಸಾಗಿದೆ ಎಂದು ನಿನ್ನ ಅಪ್ಪ ಹೇಳಿದ. ರಜೆಯಲ್ಲಿ ಸೇಂಟ್ ಆಂಡ್ರೂಸ್, ಆರ್ಬ್ರೋತ್, ಮಾಂಟ್ರೋಸ್, ಸ್ಟೋನ್‌ಹೇವನ್ ಎಲ್ಲವನ್ನೂ ಒಂದೇ ಉಸಿರಿಗೆ ನೋಡಿ ಮುಗಿಸುವ ಪಟ್ಟಿ ಹಾಕಿದ್ದೀಯಂತೆ. ಅದರಲ್ಲಿ ಆರ್ಬ್ರೋತ್‌ಗೆ ಎರಡೇ ಗಂಟೆ! ಆ ಕರಾವಳಿಯಲ್ಲಿ ವರ್ಷಗಟ್ಟಲೆ ಇದ್ದು ಬಂದವನ ಮಾತು ಕೇಳು. ಉಳಿದ ಊರುಗಳು ಇನ್ನೊಮ್ಮೆಗಿರಲಿ, ಆರ್ಬ್ರೋತ್‌ಗೆ ಒಂದು ಇಡೀ ದಿನ ಕೊಡು. ನೀನಿರುವಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ.

ಬಂದವರೆಲ್ಲ ನಿಲ್ದಾಣದಿಂದ ನೇರವಾಗಿ ಹಳೆಯ ಕ್ರೈಸ್ತ ಮಠದ ಕಡೆಗೆ ನಡೆಯುತ್ತಾರೆ. ನೀನು ಬಂದರಿನಿಂದ ಆರಂಭಿಸು. ಊರಿನಿಂದ ಸುಮಾರು 18 ಕಿಲೋಮೀಟರ್ ದೂರದ ಕಡಲಿನಲ್ಲಿ ಬೆಲ್ ರಾಕ್ ಎಂಬ ಬಂಡೆಯಿದೆ. ಭರತದಲ್ಲಿ ಪೂರ್ತಿ ಮುಳುಗಿ, ಇಳಿತದಲ್ಲಿ ಮಾತ್ರ ಕೆಲಹೊತ್ತು ತಲೆಯೆತ್ತುವ ಆ ಬಂಡೆ ಶತಮಾನಗಳ ಕಾಲ ಹಡಗುಗಳನ್ನು ನುಂಗಿತು. 1804ರಲ್ಲಿ ಯಾರ್ಕ್ ಎಂಬ ಯುದ್ಧನೌಕೆ ಸಿಬ್ಬಂದಿ ಸಮೇತ ಕಾಣೆಯಾದದ್ದೂ ಅದಕ್ಕೆ ಬಡಿದೇ ಎಂದು ನಂಬಲಾಗಿದೆ. ಗಂಗೊಳ್ಳಿಯ ಅಳಿವೆಬಾಗಿಲಿನ ಕಥೆಗಳನ್ನು ಕೇಳುತ್ತ ಬೆಳೆದ ನಿನಗೆ ಇದರ ಭಯವನ್ನು ನಾನು ವಿವರಿಸಬೇಕಿಲ್ಲ.

ಆ ಬಂಡೆಯ ಮೇಲೆ 1807ರಲ್ಲಿ ದೀಪಸ್ತಂಭದ ಕೆಲಸ ಶುರುವಾಯಿತು. ಸ್ಥಳದಲ್ಲಿ ನಿಂತು ಕಟ್ಟಿಸಿದವನು ರಾಬರ್ಟ್ ಸ್ಟೀವನ್‌ಸನ್. ಮುಖ್ಯ ಎಂಜಿನಿಯರ್ ಆಗಿದ್ದವನು ಜಾನ್ ರೆನ್ನಿ. ಕೀರ್ತಿ ಯಾರಿಗೆ ಸಲ್ಲಬೇಕೆಂಬ ಜಗಳ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ, ನೀರು ಇಳಿದ ಆ ಸ್ವಲ್ಪ ಹೊತ್ತಿನಲ್ಲೇ ಕಲ್ಲು ಕಡಿದು ಅಡಿಪಾಯ ತೋಡಿದ ಕೂಲಿಗಳಿಗೆ ಮೊದಲ ಪಾಲು. ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಲ್ಲುಗಳನ್ನು ಆರ್ಬ್ರೋತ್‌ನಲ್ಲಿಯೇ ಕೆತ್ತಿ, ಗಾಡಿಯಲ್ಲಿ ದಕ್ಕೆಗೆ ತಂದು, ಹಡಗಿಗೆ ಏರಿಸುತ್ತಿದ್ದರು. 1811ರ ಫೆಬ್ರವರಿ 1ರಂದು ದೀಪ ಹೊತ್ತಿತು. ಸ್ತಂಭ ಇಂದಿಗೂ ಅಲೆಗಳ ನಡುವೆ ನಿಂತಿದೆ, ಆದರೆ 1988ರಿಂದ ಅಲ್ಲಿ ಕಾವಲುಗಾರರಿಲ್ಲ. ಬಂದರಿನ ಪಕ್ಕದ ಸಿಗ್ನಲ್ ಟವರ್ ಮುಂದೆ ವಸ್ತುಸಂಗ್ರಹಾಲಯವಾಯಿತು, ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊ. ಕಾವಲುಗಾರರ ಹೆಂಡತಿ ಮಕ್ಕಳು ಇದ್ದದ್ದು ಅಲ್ಲಿಯೇ. ಸ್ತಂಭದ ಮೇಲೆ ಚೆಂಡಿನಂಥ ಒಂದು ಗುಂಡನ್ನು ಏರಿಸಿದರೆ ಎಲ್ಲವೂ ಕ್ಷೇಮ ಎಂಬ ಸೂಚನೆ ದಡಕ್ಕೆ ಸಿಗುತ್ತಿತ್ತು. ಅದಕ್ಕಾಗಿ ದುರ್ಬೀನು ಹಿಡಿದು ಕಾಯುತ್ತಿದ್ದ ಸಂಸಾರಗಳನ್ನು ನೆನೆದುಕೊಂಡು ಆ ಕೋಣೆಗಳಲ್ಲಿ ನಿಧಾನವಾಗಿ ಓಡಾಡು.

ಇಷ್ಟಾದ ಮೇಲೆ ಮಠಕ್ಕೆ ಹೋಗು. 1178ರಲ್ಲಿ ಸ್ಕಾಟ್ಲೆಂಡಿನ ದೊರೆ ಮೊದಲನೆಯ ವಿಲಿಯಂ ಸ್ಥಾಪಿಸಿದ್ದು. ಅವನ ಸಮಾಧಿಯೂ ಅಲ್ಲಿದೆ. ಕೆಂಪು ಮರಳುಗಲ್ಲಿನ ದಕ್ಷಿಣ ಗೋಡೆಯ ಮೇಲ್ತುದಿಯಲ್ಲಿ ಒಂದು ದುಂಡು ಕಿಟಕಿ ಕಾಣುತ್ತದೆ. ನಾವಿಕರಿಗೆ ದಾರಿ ತೋರಲು ಅದರಲ್ಲಿ ದೀಪ ಇಡುತ್ತಿದ್ದರೆಂದು ಹೇಳುತ್ತಾರೆ. ಬಂದರಿನಿಂದ ಬಂದವನ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಬೆಲ್ ರಾಕ್‌ಗೆ ಮೊದಲು ನಾವಿಕರನ್ನು ಎಚ್ಚರಿಸುವ ಗಂಟೆ ಕಟ್ಟಿಸಿದವನು ಈ ಮಠದ ಗುರುವೇ ಎಂಬ ದಂತಕಥೆಯೂ ಇದೆ. 1320ರ ಏಪ್ರಿಲ್ 6ರ ದಿನಾಂಕ ಹೊತ್ತ ಪ್ರಸಿದ್ಧ ಪತ್ರ, ಸ್ಕಾಟ್ಲೆಂಡ್ ಯಾರಿಗೂ ಅಧೀನವಲ್ಲವೆಂದು ಪೋಪ್‌ಗೆ ಲ್ಯಾಟಿನ್‌ನಲ್ಲಿ ಬರೆದದ್ದು, ಈ ಊರಿನ ಹೆಸರನ್ನೇ ಹೊತ್ತಿದೆ. ಉಳಿದಿರುವ ಮೂಲ ಪ್ರತಿ ಎಡಿನ್‌ಬರೋದಲ್ಲಿದೆ, ಇಲ್ಲಿ ಹುಡುಕಬೇಡ. ಹಾಗೆಯೇ, 1950ರ ಕ್ರಿಸ್‌ಮಸ್ ದಿನ ವಿದ್ಯಾರ್ಥಿಗಳು ಲಂಡನ್ನಿನಿಂದ ಎತ್ತಿ ತಂದ, ಸ್ಕಾಟ್ಲೆಂಡಿನ ದೊರೆಗಳ ಪಟ್ಟಾಭಿಷೇಕದ ಕಲ್ಲನ್ನು ಮರುವರ್ಷ ಈ ಮಠದಲ್ಲಿಯೇ ಬಿಟ್ಟುಹೋಗಿದ್ದರು. ಅದು ಈಗ ಸ್ಕಾಟ್ಲೆಂಡಿನ ಪರ್ತ್‌ನಲ್ಲಿದೆ.

ಮಧ್ಯಾಹ್ನಕ್ಕೆ ಸ್ಮೋಕಿ ತಿನ್ನಲೇಬೇಕು. ಹ್ಯಾಡಕ್ ಮೀನಿನ ತಲೆ ತೆಗೆದು, ಉಪ್ಪು ಹಾಕಿ, ಎರಡೆರಡನ್ನು ಬಾಲ ಸೇರಿಸಿ ಕಟ್ಟಿ, ಗಟ್ಟಿ ಮರದ ಬೆಂಕಿಯ ಮೇಲೆ ಒದ್ದೆ ಗೋಣಿ ಮುಚ್ಚಿ ಹೊಗೆಯಲ್ಲಿಯೇ ಬೇಯಿಸುತ್ತಾರೆ. 2004ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಊರಿನ ಸುತ್ತ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆರ್ಬ್ರೋತ್ ಸ್ಮೋಕಿ ಎನ್ನಬಹುದು. ತಟ್ಟೆ, ಚಮಚ ಹುಡುಕಬೇಡ. ಒಲೆಯಿಂದ ಇಳಿದ ಬಿಸಿಯಲ್ಲಿಯೇ ಕೈಯಲ್ಲಿ ಬಿಡಿಸಿ ತಿನ್ನು. ಈ ರುಚಿ ಹುಟ್ಟಿದ್ದು ಪಕ್ಕದ ಆಕ್ಮಿಥಿ ಎಂಬ ಸಣ್ಣ ಹಳ್ಳಿಯಲ್ಲಿ. ಗಂಡಸರ ಕಾಲು ನೆನೆಯದಿರಲೆಂದು ಅಲ್ಲಿನ ಹೆಂಗಸರು ಅವರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಸೇರಿಸುತ್ತಿದ್ದರಂತೆ. ಮೀನಿನ ಇತಿಹಾಸವನ್ನು ಗಂಡಸರ ಕಥೆಯಾಗಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಹೆಂಗಸರು ನೆನಪಾಗುತ್ತಾರೆ.

ಊಟದ ನಂತರ ಸೀಟನ್ ಕ್ಲಿಫ್ಸ್ ಎಂಬ ಕಡಿದಾದ ಕಡಲಬಂಡೆಗಳ ಕಡೆಗೆ ನಡೆ. ಕಡಲು ಕೊರೆದ ಗುಹೆಗಳು, ಕಮಾನುಗಳು, ಒಂಟಿಯಾಗಿ ನಿಂತ ಕಲ್ಲುಕಂಬ ಎಲ್ಲವೂ ಮಠದ ಗೋಡೆಯಂತೆಯೇ ಕೆಂಪು. ಚಿತ್ರ ತೆಗೆಯುವ ಆಸೆಗೆ ಅಂಚಿಗೆ ಹೋಗಬೇಡ. ಆ ಕಲ್ಲು ಪುಡಿಯಾಗುವ ಜಾತಿಯದು, ಇದು ನನ್ನ ಕಟ್ಟಪ್ಪಣೆ. ಕೆಳಗಿನ ತೀರಕ್ಕೆ ಇಳಿಯುವ ಮುನ್ನ ಭರತದ ವೇಳಾಪಟ್ಟಿ ನೋಡಿಕೊ. ಬಿಸಿಲಿದ್ದ ದಿನವೂ ಕಡಲ ಮಂಜು ಗಳಿಗೆಯಲ್ಲಿ ಕವಿಯುತ್ತದೆ. ಗಾಳಿ ತಡೆಯುವ ಅಂಗಿ ಜೊತೆಗಿರಲಿ.

ಜೂನ್‌ನಲ್ಲಿ ಹೋಗುವ ಯೋಚನೆ ಇದ್ದರೆ ಬಿಡು. ಕಡಲಹಕ್ಕಿಗಳಿಗೆ ಅದು ಒಳ್ಳೆಯ ಕಾಲವೇನೋ ಹೌದು. ಆದರೆ ರಾತ್ರಿ ಹತ್ತಾದರೂ ಕತ್ತಲಾಗದು, ಬೆಲ್ ರಾಕ್ ದೀಪಕ್ಕಾಗಿ ಕಾದರೆ ಕೊನೆಯ ರೈಲು ತಪ್ಪಬಹುದು. ಅಕ್ಟೋಬರ್ ಮೊದಲ ವಾರ ಹೋಗು. ಸಂಜೆ ಏಳೂವರೆಯ ಹೊತ್ತಿಗೆ ಬಂದರಿನಲ್ಲಿ ನಿಂತರೆ, ಆಕಾಶ ತಿಳಿಯಾಗಿದ್ದಲ್ಲಿ ಬೆಲ್ ರಾಕ್ ಐದು ಸೆಕೆಂಡಿಗೊಮ್ಮೆ ಮಿಂಚುತ್ತದೆ. ಮಠದಲ್ಲಿ ಕಲ್ಲುಗಳ ತಪಾಸಣೆಗಾಗಿ ಕೆಲವು ಭಾಗ ಮುಚ್ಚಿರುವುದುಂಟು. ಹೊರಡುವ ಮೊದಲು ವಿಚಾರಿಸಿಕೊ. ಟಿಕೆಟ್‌ಗೆ ವಿದ್ಯಾರ್ಥಿ ರಿಯಾಯಿತಿ ಇದೆಯೇ ಎಂದೂ ಕೇಳು. ಹೋಗಿ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡು, ನನಗೆ ಪತ್ರ ಬರೆ.

ಇಂತು ನಿನ್ನ ದೊಡ್ಡಪ್ಪ